ಹೆಗಲ ಮೇಲಿನ ದೋಣಿ: ಅಮೆರಿಕದ ಗಡಿನೀರಿನ ನಾಡು

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ವಿಷಯವಾಗಿ ನಮ್ಮ ಕಡೆಯ ಹಿರಿಯರು ಮಠಕ್ಕೆ ಬಂದಾಗ ತೋಡಿಕೊಳ್ಳುವ ಆತಂಕಗಳು ಬಹುಮಟ್ಟಿಗೆ ಒಂದೇ ತೆರನಾದವು. ಮೊಮ್ಮಕ್ಕಳಿಗೆ ಕನ್ನಡ ಬಾರದು, ಲಿಂಗಪೂಜೆಯ ನಿಯಮ ಸಡಿಲವಾಗುತ್ತಿದೆ, ಊಟೋಪಚಾರದ ಕಟ್ಟು ಉಳಿಯುವುದೋ ಇಲ್ಲವೋ ಎಂಬವು ಅವು. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. "ಬೇಸಿಗೆಯ ರಜೆ ಬಂದರೆ ಸಾಕು, ಮಗನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾವುದೋ ಉತ್ತರದ ಕಾಡುಸರೋವರಗಳಿಗೆ ಹೊರಡುತ್ತಾನೆ. ನಾಲ್ಕೈದು ದಿನ ಫೋನಿಲ್ಲ, ದೀಪವಿಲ್ಲ, ತಲೆಯ ಮೇಲೆ ಸೂರಿಲ್ಲ; ಸುತ್ತಲೂ ಕರಡಿಗಳಿವೆಯಂತೆ. ಅಷ್ಟು ಓದಿದವನಿಗೆ ಇದೇನು ಬುದ್ಧಿ?" ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವುದು ಉಚಿತವಲ್ಲ. ಕೇಳುವವರ ಕಣ್ಣಿನಲ್ಲಿ ನಿಜವಾದ ಭಯವಿರುತ್ತದೆ. ಹೋಗುವವರ ಮನಸ್ಸಿನಲ್ಲಿ ನಿಜವಾದ ಹಂಬಲವಿರುತ್ತದೆ. ಇವೆರಡರ ನಡುವೆ ಆ ನಾಡಿನ ವಿಷಯವೇ ತಿಳಿಯದೆ ಉಳಿಯುತ್ತದೆ. ಆದುದರಿಂದ ಅದನ್ನು ಕುರಿತು ಓದಿ ತಿಳಿದದ್ದನ್ನೂ, ಬಾಗಲಕೋಟೆ ಸೀಮೆಯಿಂದ ಹೋಗಿ ಮಿನಿಯಾಪೊಲಿಸ್ ನಗರದಲ್ಲಿ ನೆಲೆಸಿರುವ ಒಂದು ಶರಣ ಕುಟುಂಬದೊಡನೆ ನಾಲ್ಕು ದಿನ ಇದ್ದು ಕಂಡದ್ದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತಿದ್ದೇನೆ.

ಮಿನಿಯಾಪೊಲಿಸಿನಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಈಲಿ ಎಂಬ ಚಿಕ್ಕ ಊರು. ಒಂದು ಕಾಲಕ್ಕೆ ಕಬ್ಬಿಣದ ಗಣಿಯ ಊರು. ಅದರಾಚೆಗೆ ರಸ್ತೆಗಳು ಒಂದೊಂದಾಗಿ ಮುಗಿದುಹೋಗುತ್ತವೆ; ಅಲ್ಲಿಂದ ಕೆನಡಾದ ಗಡಿಯುದ್ದಕ್ಕೂ ಹಬ್ಬಿರುವುದೇ 'ಬೌಂಡರಿ ವಾಟರ್ಸ್', ಅಂದರೆ ಗಡಿನೀರಿನ ನಾಡು. ಸುಮಾರು 10 ಲಕ್ಷ 90 ಸಾವಿರ ಎಕರೆ ವಿಸ್ತೀರ್ಣದ ಈ ಸಂರಕ್ಷಿತ ಅರಣ್ಯದಲ್ಲಿ ಸಾವಿರದ ನೂರಕ್ಕೂ ಮಿಕ್ಕಿ ಸರೋವರಗಳಿವೆ. ಗಡಿಯಾಚೆಗೆ ಕೆನಡಾದ ಕ್ವೆಟಿಕೊ ಉದ್ಯಾನವೂ ಇದೇ ಬಗೆಯದು. ಎರಡನ್ನೂ ಕೂಡಿಸಿದರೆ ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು ನೆಲ. ಅದರೊಳಗೆ ಊರಿಲ್ಲ, ಅಂಗಡಿಯಿಲ್ಲ, ವಿದ್ಯುತ್ ಕಂಬವಿಲ್ಲ.

ಇಷ್ಟೊಂದು ಸರೋವರಗಳು ಒಂದೆಡೆ ಏಕೆ ಕೂಡಿದವು ಎಂಬುದಕ್ಕೆ ಭೂಗರ್ಭಶಾಸ್ತ್ರಜ್ಞರು ಕೊಡುವ ಉತ್ತರ ಸರಳವಾಗಿದೆ. ಅಲ್ಲಿಯ ಬಂಡೆ ಭೂಮಿಯ ಅತ್ಯಂತ ಪ್ರಾಚೀನ ಬಂಡೆಗಳಲ್ಲಿ ಸೇರಿದ್ದು, ಕೆಲವೆಡೆ 270 ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲೆ ಹಿಮಯುಗಗಳಲ್ಲಿ ಹಿಮದ ಹಾಸುಗಳು ಮತ್ತೆ ಮತ್ತೆ ಹರಿದು, ಮೃದುವಾದ ಭಾಗವನ್ನು ಕೆರೆದು, ಗಟ್ಟಿಯಾದದ್ದನ್ನು ಉಳಿಸಿದವು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಹಿಮ ಕರಗಿ ಹಿಂದಕ್ಕೆ ಸರಿದಾಗ, ಕೆರೆದ ಗುಳಿಗಳೆಲ್ಲ ನೀರಿನಿಂದ ತುಂಬಿದವು. ಮಣ್ಣು ತೆಳ್ಳಗೆ ಉಳಿಯಿತು. ಆ ತೆಳುಮಣ್ಣಿನಲ್ಲೇ ಪೈನ್, ಸ್ಪ್ರೂಸ್, ಬರ್ಚ್ ಮರಗಳು ಬಂಡೆಯ ಬಿರುಕುಗಳಿಗೆ ಬೇರಿಳಿಸಿ ನಿಂತಿವೆ. ಕೃಷಿಗೆ ಒಲಿಯದ ನೆಲವಾದ್ದರಿಂದಲೇ ಅದು ಕಾಡಾಗಿ ಉಳಿಯಿತೆನ್ನಬೇಕು.

ಒಂದು ಸರೋವರಕ್ಕೂ ಇನ್ನೊಂದಕ್ಕೂ ನಡುವೆ ಕೆಲವೊಮ್ಮೆ ಝರಿ ಹರಿಯುತ್ತದೆ, ಹೆಚ್ಚಾಗಿ ಬಂಡೆಯ ದಿಣ್ಣೆ ಅಡ್ಡ ನಿಂತಿರುತ್ತದೆ. ಅಲ್ಲಿ ದೋಣಿಯಿಂದ ಇಳಿಯಬೇಕು. ಗಂಟುಮೂಟೆಗಳನ್ನೂ ಕೊನೆಗೆ ದೋಣಿಯನ್ನೂ ಹೆಗಲ ಮೇಲೆ ಹೊತ್ತು, ಕಾಲುದಾರಿಯಲ್ಲಿ ನಡೆದು, ಮುಂದಿನ ಸರೋವರದ ದಂಡೆಯಲ್ಲಿ ಮತ್ತೆ ಇಳಿಸಬೇಕು. ಈ ದಾರಿಗೆ 'ಪೋರ್ಟೇಜ್' ಎಂದು ಹೆಸರು. ಹೊರು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿದ ಪದ. ನಮ್ಮ ಮಾತಿನಲ್ಲಿ 'ಹೊರೆದಾರಿ' ಎಂದರೆ ಅರ್ಥ ನೇರವಾಗಿ ಬರುತ್ತದೆ. ಇದರ ಅಳತೆಯೂ ವಿಚಿತ್ರ: ಮೈಲಿ, ಕಿಲೋಮೀಟರುಗಳಲ್ಲಿ ಅಲ್ಲ, 'ರಾಡ್' ಎಂಬ ಹಳೆಯ ಮಾನದಲ್ಲಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯುದ್ದ. 320 ರಾಡ್ ಸೇರಿದರೆ ಒಂದು ಮೈಲಿ. ಹೆಗಲ ಮೇಲೆ ದೋಣಿ ಹೊತ್ತವನಿಗೆ ಎಷ್ಟು ದೋಣಿಯುದ್ದ ನಡೆಯಬೇಕೆಂಬ ಲೆಕ್ಕವೇ ಅರ್ಥವಾಗುವಂಥದು.

ಕೆನೂ ಎಂಬ ಈ ದೋಣಿಯ ಮೂಲ ಶಿಲ್ಪಿಗಳು ಆ ನಾಡಿನ ಮೂಲನಿವಾಸಿಗಳು. ಒಜಿಬ್ವೆ ಜನರು ಬರ್ಚ್ ಮರದ ತೊಗಟೆಯನ್ನು ಹಾಳೆಯಾಗಿ ಬಿಡಿಸಿ, ಸೀಡರ್ ಮರದ ಪಕ್ಕೆಲುಬುಗಳ ಮೇಲೆ ಹೊದಿಸಿ, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಹೊಲಿಗೆಗೆ ಮರದ ಅಂಟನ್ನು ಬಳಿದು ದೋಣಿ ಕಟ್ಟುತ್ತಿದ್ದರು. ಮೊಳೆಯೊಂದೂ ಬೇಡ. ಒಡೆದರೆ ಕಾಡಿನಲ್ಲೇ ದುರಸ್ತಿ. ನೀರಿನ ಮೇಲೆ ಮನುಷ್ಯನನ್ನು ಅದು ಹೊರುತ್ತದೆ, ನೆಲದ ಮೇಲೆ ಮನುಷ್ಯನು ಅದನ್ನು ಹೊರುತ್ತಾನೆ. ಹದಿನೆಂಟನೆಯ ಶತಮಾನದಲ್ಲಿ ತುಪ್ಪಳಿನ ವ್ಯಾಪಾರಕ್ಕಾಗಿ ಬಂದ ಫ್ರೆಂಚ್ ಭಾಷಿಕ ದೋಣಿಗರು ಈ ವಿದ್ಯೆಯನ್ನು ಅವರಿಂದಲೇ ಕಲಿತರು. ಆ ದೋಣಿಗರ ಹೊರೆಯ ಕಟ್ಟು ಒಂದೊಂದೂ 90 ಪೌಂಡು, ಅಂದರೆ 40 ಕಿಲೋ ತೂಕ. ಒಬ್ಬೊಬ್ಬನೂ ಒಮ್ಮೆಗೆ ಎರಡನ್ನು, ಹಣೆಗೆ ಕಟ್ಟಿದ ತೊಗಲಿನ ಪಟ್ಟಿಯ ಆಧಾರದಿಂದ ಬೆನ್ನ ಮೇಲೆ ಹೊರುತ್ತಿದ್ದನು. ಸುಪೀರಿಯರ್ ಮಹಾಸರೋವರದ ದಂಡೆಯಲ್ಲಿರುವ ಗ್ರ್ಯಾಂಡ್ ಪೋರ್ಟೇಜಿನಲ್ಲಿ ಈ ದಾರಿ ಸುಮಾರು ಹದಿಮೂರೂವರೆ ಕಿಲೋಮೀಟರ್ ಉದ್ದವಿದೆ. ವ್ಯಾಪಾರಿಗಳ ಲಾಭಕ್ಕಾಗಿ ಹೊತ್ತ ಹೊರೆ ಅದು. ಅದರಲ್ಲಿ ಪುಣ್ಯವನ್ನು ಹುಡುಕುವುದು ಬೇಡ. ಆದರೆ ಆ ಬೆನ್ನುಗಳ ಶ್ರಮದಿಂದಲೇ ಒಂದು ಖಂಡದ ನಕಾಶೆ ತಯಾರಾಯಿತೆಂಬುದು ಚರಿತ್ರೆ. 1842ರಲ್ಲಿ ಬ್ರಿಟನ್ ಮತ್ತು ಅಮೆರಿಕ ಗಡಿ ಗುರುತಿಸಿಕೊಂಡಾಗಲೂ ಈ ಹೊರೆದಾರಿಗಳು ಎರಡೂ ಕಡೆಯವರಿಗೆ ಮುಕ್ತವಾಗಿರಬೇಕೆಂದು ಒಪ್ಪಂದದಲ್ಲಿ ಬರೆದುಕೊಂಡರು.

ನಮ್ಮವರಿಗೆ ಈ ಚಿತ್ರ ಅಪರಿಚಿತವಾಗಬೇಕಾಗಿಲ್ಲ. ಯುಗಾದಿಯ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಊರೂರುಗಳಿಂದ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆಯುವ ಭಕ್ತರನ್ನು ನಾವು ಬಲ್ಲೆವು. ಹೆಗಲು ಬದಲಿಸುವಾಗಿನ ಎಚ್ಚರ, ಹಿಂದೆ ಬರುವವನಿಗೆ ಕಲ್ಲಿದೆ ಮುಳ್ಳಿದೆ ಎಂದು ಕೂಗಿ ತಿಳಿಸುವ ರೀತಿ, ಹೊರೆ ಇಳಿಸಿದ ಕೂಡಲೇ ಹೆಗಲಿಗೆ ಬರುವ ಆ ಹಗುರತನ, ಇವೆಲ್ಲ ಎರಡೂ ಕಡೆ ಒಂದೇ. ಕೆನೂವಿನ ನಟ್ಟನಡುವಿನಲ್ಲಿ ಹೆಗಲಿಗೆ ಕೂಡುವಂತೆ ಕಡೆದ ಅಡ್ಡಪಟ್ಟಿಯೊಂದು ಇರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ನೊಗವೆಂದೇ ಹೆಸರೆಂದು ತಿಳಿದಾಗ ನನಗೆ ಸಂತೋಷವಾಯಿತು. ಎತ್ತಿನ ಹೆಗಲಿನ ಪದವನ್ನು ಅವರೂ ಮರೆತಿಲ್ಲ.

ನಾವು ಹೋದದ್ದು ಆಗಸ್ಟ್ ತಿಂಗಳ ಕೊನೆಯ ವಾರ. ಗಂಡ, ಹೆಂಡತಿ, ಹದಿನಾಲ್ಕರ ಮಗಳು, ಹನ್ನೊಂದರ ಮಗ, ನಾನು. ಐದು ಜನ, ಎರಡು ದೋಣಿ. ಈಲಿಯ ಪೂರ್ವಕ್ಕೆ ಮೂಸ್ ಎಂಬ ಸರೋವರದಿಂದ ಹೊರಟು, ಗಡಿಯ ಸಾಲಿನ ಸರೋವರಗಳನ್ನು ಹಿಡಿದು ನೈಫ್ ಸರೋವರವನ್ನು ಮುಟ್ಟಿ ಹಿಂದಿರುಗುವುದು ಗೊತ್ತುಮಾಡಿದ ಮಾರ್ಗ. ಮೊದಲ ಸರೋವರಗಳಲ್ಲಿ 25 ಅಶ್ವಶಕ್ತಿಯವರೆಗಿನ ಯಂತ್ರದೋಣಿಗೆ ಅನುಮತಿಯುಂಟು. ಆದ್ದರಿಂದ ಅಷ್ಟು ದೂರ ಮೋಟಾರಿನ ಸದ್ದು ಹಿಂಬಾಲಿಸಿತು. ಮುಂದೆ ಒಂದು ಹೊರೆದಾರಿಯನ್ನು ದಾಟಿದ ಮೇಲೆ ಅದು ನಿಂತಿತು. ನಿಂತದ್ದು ಮೊದಲು ತಿಳಿಯಲಿಲ್ಲ. ಹುಟ್ಟಿನಿಂದ ಜಾರುವ ಹನಿಗಳು ನೀರಿಗೆ ಬೀಳುವ ಸದ್ದು ಕಿವಿಗೆ ಬಿದ್ದಾಗ ತಿಳಿಯಿತು.

ಯಜಮಾನನು ಇಪ್ಪತ್ತು ಕಿಲೋ ತೂಗುವ ಹೊಸಬಗೆಯ ದೋಣಿಯನ್ನು ತೊಡೆಯ ಮೇಲೆ ಎತ್ತಿ, ತಿರುಗಿಸಿ, ತಲೆಯ ಮೇಲೆ ಕವುಚಿಕೊಂಡು ನಡೆದನು. ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂಡುವವನು. ಅವನ ತಂದೆ ಊರಲ್ಲಿ ಹತ್ತಿಯ ಅಂಡಿಗೆಗಳನ್ನು ಹೊತ್ತವರೆಂದು ನನಗೆ ಗೊತ್ತಿತ್ತು. ಮಗಳು ಅಡುಗೆಯ ಚೀಲ ಹೊತ್ತಳು, ಮಗ ಹುಟ್ಟುಗಳನ್ನೂ ತೇಲುಕವಚಗಳನ್ನೂ. ನನ್ನ ಪಾಲಿಗೆ ಹತ್ತು ಕಿಲೋದ ಗಂಟು. ಹೊರಡುವ ಮುನ್ನ ಮನೆಯಲ್ಲಿ ಈ ಮಕ್ಕಳಿಗೆ ನೀರಿನ ಲೋಟ ಎತ್ತಿಡಲು ಮೂರು ಸಲ ಹೇಳಬೇಕಾಗಿತ್ತು. ಇಲ್ಲಿ ಯಾರೂ ಏನನ್ನೂ ಹೇಳಲಿಲ್ಲ. ಹೊರೆ ಕಣ್ಣೆದುರಿಗಿತ್ತು, ಯಾರಾದರೂ ಬಿಟ್ಟರೆ ಇನ್ನೊಬ್ಬರು ಹಿಂದಿರುಗಿ ಬಂದು ಹೊರಬೇಕೆಂಬುದೂ ಕಣ್ಣೆದುರಿಗಿತ್ತು.

ಆ ಕಾಡಿನ ನಿಯಮಗಳನ್ನು ನಾನು ಕುತೂಹಲದಿಂದ ಗಮನಿಸಿದೆ. ಒಂದು ತಂಡದಲ್ಲಿ ಒಂಬತ್ತು ಜನರಿಗಿಂತ ಹೆಚ್ಚು ಇರಕೂಡದು, ದೋಣಿಗಳು ನಾಲ್ಕನ್ನು ಮೀರಕೂಡದು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಪ್ರವೇಶದ್ವಾರದಿಂದಲೂ ದಿನಕ್ಕೆ ಇಷ್ಟೇ ತಂಡಗಳೆಂದು ಮಿತಿಯಿದೆ. ಆಹಾರವನ್ನು ತಗಡಿನ ಡಬ್ಬಿಯಲ್ಲಿ, ಗಾಜಿನ ಶೀಶೆಯಲ್ಲಿ ಒಯ್ಯುವಂತಿಲ್ಲ. ಒಯ್ದುದರ ಸಿಪ್ಪೆಯನ್ನೂ ಬಿಟ್ಟು ಬರುವಂತಿಲ್ಲ. ತಂಗುದಾಣವೆಂದರೆ ಒಲೆಗಾಗಿ ಒಂದು ಕಬ್ಬಿಣದ ಜಾಲರಿ, ಕಾಡಿನೊಳಗೆ ಮರೆಯಿಲ್ಲದ ಒಂದು ಶೌಚಪೀಠ, ಇಷ್ಟೇ. ಪಾತ್ರೆ ತೊಳೆಯುವುದೂ ಮೈ ತೊಳೆಯುವುದೂ ಸೋಪಿನಿಂದಾದರೆ ದಂಡೆಯಿಂದ ಬಹುದೂರ ಹೋಗಿ.

ಈ ಕೊನೆಯ ನಿಯಮ ಪೂಜೆಯ ವಿಷಯದಲ್ಲಿ ಒಂದು ಚಿಕ್ಕ ವಿಚಾರಕ್ಕೆ ಎಡೆಮಾಡಿತು. ಬೆಳಗಿನ ಹೊತ್ತು ಬಂಡೆಯ ಮೇಲೆ ಇಷ್ಟಲಿಂಗ ಪೂಜೆಗೆ ಕುಳಿತಾಗ, ಪತ್ರೆಪುಷ್ಪಗಳಿಗೆ ಏನು ಮಾಡಬೇಕೆಂದು ತಾಯಿ ಕೇಳಿದಳು. ಅಲ್ಲಿಯ ಹೂವನ್ನು ಕೀಳುವುದು ಬೇಡ, ತಂದ ಹೂವನ್ನು ನೀರಿಗೆ ಬಿಡುವುದೂ ಬೇಡ ಎಂದೆ. ಅಂಗೈಯಲ್ಲಿ ಲಿಂಗ, ಒಂದು ಬಟ್ಟಲು ನೀರು, ವಿಭೂತಿ. ಇಷ್ಟರಲ್ಲಿ ಪೂಜೆ ಮುಗಿಯಿತು. ಎಲ್ಲಿ ಕುಳಿತರೆ ಅಲ್ಲಿಯೇ ಪೂಜೆ ನಡೆಯಲೆಂದೇ ಅಲ್ಲವೆ ನಮ್ಮ ಹಿರಿಯರು ದೇವರನ್ನು ಅಂಗದ ಮೇಲೆ ಹೊರುವಂತೆ ಮಾಡಿದ್ದು? ಸ್ಥಾವರ ಜಂಗಮಗಳ ಭೇದವನ್ನು ಪೀಠದ ಮೇಲೆ ಕುಳಿತು ಎಷ್ಟೋ ಸಲ ವ್ಯಾಖ್ಯಾನಿಸಿದ್ದೇನೆ. ಆ ದಿನ ಮಕ್ಕಳಿಗೆ ವ್ಯಾಖ್ಯಾನ ಬೇಕಾಗಲಿಲ್ಲ. ನೀರು ಮಾತ್ರ ಎಷ್ಟೇ ನಿರ್ಮಲವಾಗಿ ಕಂಡರೂ ಕುದಿಸದೆ ಅಥವಾ ಶೋಧಿಸದೆ ಕುಡಿಯಬಾರದು. ಕಣ್ಣಿಗೆ ಕಾಣದ ಜಿಯಾರ್ಡಿಯಾ ಎಂಬ ಜೀವಿ ಹೊಟ್ಟೆಯನ್ನು ಕೆಡಿಸುತ್ತದೆ.

ಇಂಥ ನಿಶ್ಶಬ್ದ ತಾನಾಗಿ ಉಳಿದುಬಂದುದಲ್ಲ. ಇದರ ಹಿಂದೆ ಒಂದು ಶತಮಾನದ ಜಗಳವಿದೆ. 1909ರಲ್ಲಿ ಅಮೆರಿಕದ ಕಡೆ ಸುಪೀರಿಯರ್ ರಾಷ್ಟ್ರೀಯ ಅರಣ್ಯವೂ ಕೆನಡಾದ ಕಡೆ ಕ್ವೆಟಿಕೊ ಸಂರಕ್ಷಿತ ಪ್ರದೇಶವೂ ಘೋಷಣೆಯಾದವು. ಅದಾದ ಮೇಲೂ ಎಡ್ವರ್ಡ್ ಬ್ಯಾಕಸ್ ಎಂಬ ಉದ್ಯಮಿ ಈ ಜಲಮಾರ್ಗಕ್ಕೆ ಅಣೆಕಟ್ಟುಗಳ ಸರಣಿಯನ್ನೇ ಕಟ್ಟಲು ಯೋಜನೆ ಹೂಡಿದನು. ಅರ್ನೆಸ್ಟ್ ಒಬರ್‌ಹೋಲ್ಟ್ಸರ್ ಎಂಬ ಬಡಕಲು ದೇಹದ ಮನುಷ್ಯನೊಬ್ಬನು ಅದರ ವಿರುದ್ಧ ನಿಂತನು. ದಂಡೆಯಿಂದ 400 ಅಡಿಯವರೆಗೆ ಮರ ಕಡಿಯಬಾರದು, ನೀರಿನ ಸಹಜ ಮಟ್ಟವನ್ನು ಕದಲಿಸಬಾರದು ಎಂಬ ಕಾನೂನು 1930ರಲ್ಲಿ ಆಯಿತು. 1934ರಲ್ಲಿ ಎರಡು ರಾಷ್ಟ್ರಗಳ ಜಂಟಿ ಆಯೋಗ ಬ್ಯಾಕಸನ ಯೋಜನೆಯನ್ನು ತಳ್ಳಿಹಾಕಿತು. ಆಮೇಲೆ ಬಂದದ್ದು ವಿಮಾನ. ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನಗಳಲ್ಲಿ ಜನ ಮೀನಿನ ಬೇಟೆಗೆಂದು ಕಾಡಿನ ನಡುವಿಗೇ ಬಂದಿಳಿಯತೊಡಗಿದರು. 1949ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಅವರು ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಈ ಕಾಡಿನ ಮೇಲೆ ವಿಮಾನ ಹಾರಬಾರದೆಂದು ಆಜ್ಞೆ ಹೊರಡಿಸಿದರು. ನೆಲವನ್ನೂ ನೀರನ್ನೂ ಕಾಯುವ ಕಾನೂನು ಎಲ್ಲೆಡೆ ಇದೆ; ಮೌನಕ್ಕಾಗಿ ಆಕಾಶಕ್ಕೆ ಬೇಲಿ ಹಾಕಿದ್ದು ವಿರಳ.

ಕೊನೆಯ ಮತ್ತು ಕಹಿಯಾದ ಜಗಳ ಯಂತ್ರದೋಣಿಗಳದು. 1964ರ ವನ್ಯಪ್ರದೇಶ ಕಾಯಿದೆಯಲ್ಲಿ ಈ ನಾಡು ಸೇರಿದರೂ ಮೋಟಾರಿಗೂ ಮರಕಡಿತಕ್ಕೂ ವಿನಾಯಿತಿ ಉಳಿದಿತ್ತು. 1977ರಲ್ಲಿ ಈಲಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ, ಆ ಊರಿನವರೇ ಆದ ಲೇಖಕ ಸಿಗರ್ಡ್ ಓಲ್ಸನ್ ಅವರ ಪ್ರತಿಕೃತಿಯನ್ನು ಜನ ನೇಣಿಗೆ ಹಾಕಿದರು. ಎಪ್ಪತ್ತೆಂಟು ವರ್ಷದ ಆ ವೃದ್ಧರು ಕೂಗಾಟದ ನಡುವೆ ಎದ್ದು ನಿಂತು, ಪೂರ್ಣ ರಕ್ಷಣೆಯ ಪರವಾಗಿ ಮಾತನಾಡಿದರು. 1978ರ ಕಾಯಿದೆ ಬಹುಭಾಗದಲ್ಲಿ ಯಂತ್ರಗಳನ್ನು ನಿಲ್ಲಿಸಿತು. ನೀರಿನ ಸುಮಾರು ಕಾಲುಭಾಗದಲ್ಲಿ ಮಾತ್ರ ಮಿತವಾಗಿ ಉಳಿಸಿತು. ಇದರಲ್ಲಿ ಊರಿನವರ ನೋವೂ ಸುಳ್ಳಲ್ಲ. ದಂಡೆಯ ಮೇಲೆ ವಸತಿಗೃಹ ಕಟ್ಟಿಕೊಂಡು ಬದುಕಿದವರು ಅವನ್ನು ಮಾರಿ ಹೊರಬರಬೇಕಾಯಿತು. ಅಜ್ಜನ ಕಾಲದಿಂದ ಮೋಟಾರಿನಲ್ಲಿ ಹೋಗುತ್ತಿದ್ದ ಸರೋವರ ಮುಚ್ಚಿಹೋಯಿತು. ಪಟ್ಟಣದವರ ಮೌನಕ್ಕಾಗಿ ನಮ್ಮ ಅನ್ನ ಏಕೆ ಹೋಗಬೇಕು ಎಂಬ ಅವರ ಪ್ರಶ್ನೆಗೆ ಪೂರ್ಣ ಉತ್ತರವನ್ನು ನಾನು ಯಾವ ಪುಸ್ತಕದಲ್ಲಿಯೂ ಕಾಣೆ. ಅದಕ್ಕಿಂತ ಹಿಂದಿನ ಪ್ರಶ್ನೆ ಒಜಿಬ್ವೆ ಜನರದು. 1854ರ ಒಪ್ಪಂದದಲ್ಲಿ ಈ ನೆಲವನ್ನು ಬಿಟ್ಟುಕೊಡಬೇಕಾಗಿ ಬಂದವರು ಅವರು. ಬೇಟೆ, ಮೀನುಗಾರಿಕೆ, ಸಂಗ್ರಹಣೆಯ ಹಕ್ಕುಗಳನ್ನು ಮಾತ್ರ ಉಳಿಸಿಕೊಂಡರು, ಅವು ಇಂದಿಗೂ ಜೀವಂತವಾಗಿವೆ.

ನೈಫ್ ಸರೋವರದಲ್ಲಿ, ಆಯುಧಕ್ಕೆ ಒದಗುವ ಚೂಪಾದ ಕಲ್ಲಿನಿಂದಾಗಿ ಅದಕ್ಕೆ ಆ ಹೆಸರು, ಪೈನ್ ಮರಗಳ ಒಂದು ಚಿಕ್ಕ ನಡುಗಡ್ಡೆಯಿದೆ. ಅಲ್ಲಿ ಬದುಕಿದ ಒಬ್ಬ ತಾಯಿಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಡೊರೊತಿ ಮೋಲ್ಟರ್ ಹುಟ್ಟಿದ್ದು 1907ರಲ್ಲಿ. ದಾದಿಯ ಶಿಕ್ಷಣ ಪಡೆದ ಈಕೆ 1930ರಲ್ಲಿ ಬಂಧುಗಳೊಡನೆ ಇಲ್ಲಿಗೆ ಬಂದಳು, ಕೆಲವೇ ವರ್ಷಗಳಲ್ಲಿ ಇಲ್ಲಿಯೇ ನೆಲೆಸಿದಳು. ಅತ್ಯಂತ ಸಮೀಪದ ರಸ್ತೆಗೆ ಸುಮಾರು 24 ಕಿಲೋಮೀಟರ್, ನಡುವೆ ಐದು ಹೊರೆದಾರಿಗಳು. ಗಾಯಗೊಂಡ ಪ್ರಯಾಣಿಕರಿಗೆ ಔಷಧೋಪಚಾರ ಮಾಡುತ್ತಿದ್ದಳು. ಚಳಿಗಾಲದಲ್ಲಿ ಸರೋವರದ ಹಿಮವನ್ನು ಗರಗಸದಿಂದ ಕೊಯ್ದು ಕೂಡಿಟ್ಟು, ಬೇಸಿಗೆಯಲ್ಲಿ ದೋಣಿಯಲ್ಲಿ ಬಂದವರಿಗೆಲ್ಲ ತಾನೇ ಮಾಡಿದ ತಂಪು ಪಾನೀಯ ಕೊಡುತ್ತಿದ್ದಳು. ಅದರ ಹೆಸರು 'ರೂಟ್ ಬಿಯರ್'; ಹೆಸರಿನಲ್ಲಿ ಮಾತ್ರ ಬಿಯರ್ ಇದೆ, ಮದ್ಯವಲ್ಲವೆಂದು ನಮ್ಮ ಓದುಗರಿಗೆ ಭರವಸೆ ಕೊಡಬಲ್ಲೆ. ವರ್ಷಕ್ಕೆ ಸಾವಿರಾರು ಶೀಶೆಗಳು ಹೀಗೆ ಖರ್ಚಾಗುತ್ತಿದ್ದವು. ಬಂದವರು ಬಿಟ್ಟುಹೋದ ಮುರಿದ ಹುಟ್ಟುಗಳಿಂದ ಅವಳು ಅಂಗಳಕ್ಕೆ ಬೇಲಿ ಕಟ್ಟಿಕೊಂಡಳು. ವಿಮಾನ ನಿಷೇಧದಿಂದ ಸರಬರಾಜು ನಿಂತಾಗ ಎಲ್ಲವೂ ಹೆಗಲ ಮೇಲೆಯೇ ಬರಬೇಕಾಯಿತು. 1964ರ ಕಾಯಿದೆಯಾದ ಮೇಲೆ ಸರ್ಕಾರ ಅವಳನ್ನೂ ಎಬ್ಬಿಸಲು ಹೊರಟಿತು; ಜನರ ಒತ್ತಾಯದಿಂದ ಕೊನೆಗೆ ಜೀವಿತಾವಧಿಯವರೆಗೆ ಇರಲು ಬಿಟ್ಟಿತು. 1986ರ ಡಿಸೆಂಬರಿನಲ್ಲಿ ಆ ಗುಡಿಸಲಿನಲ್ಲೇ ತೀರಿಕೊಂಡಳು. ಈಗ ನಡುಗಡ್ಡೆಯಲ್ಲಿ ಮನೆಯಿಲ್ಲ. ಗುಡಿಸಲುಗಳನ್ನು ಬಿಚ್ಚಿ, ಹಿಮದ ಮೇಲೆ ಎಳೆದು ತಂದು ಈಲಿಯಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬಂದವರು ಯಾರೆಂದು ಕೇಳದೆ ಬಾಯಾರಿಕೆ ತಣಿಸಿದವಳ ಕೆಲಸಕ್ಕೆ ನಮ್ಮ ಪರಿಭಾಷೆಯಲ್ಲಿ ದಾಸೋಹವೆಂಬ ಹೆಸರಿದೆ. ಅವಳು ಆ ಪದವನ್ನು ಕೇಳಿರಲಾರಳು.

ರಾತ್ರಿ ಗುಡಾರದಲ್ಲಿ ಮಲಗಿದ ಮೇಲೆ 'ಲೂನ್' ಎಂಬ ನೀರುಹಕ್ಕಿಯ ಕೂಗು ಕೇಳಿಬಂತು. ಬೆನ್ನ ಮೇಲೆ ಬಿಳಿಯ ಚೌಕುಳಿಗಳಿರುವ ಕರಿಯ ಹಕ್ಕಿ. ಎಲುಬುಗಳು ಇತರ ಹಕ್ಕಿಗಳಂತೆ ಟೊಳ್ಳಲ್ಲ, ಬಹುಪಾಲು ಗಟ್ಟಿ. ಆದ್ದರಿಂದಲೇ ಆಳಕ್ಕೆ ಮುಳುಗಬಲ್ಲದು. ಅದರ ಕೂಗನ್ನು ಅಳುವೆನ್ನುವವರುಂಟು, ನಗೆಯೆನ್ನುವವರುಂಟು. ಒಂದು ದಂಡೆಯಿಂದ ಒಂದು ಕೂಗಿದರೆ, ಬಹು ದೂರದ ಇನ್ನೊಂದು ಸರೋವರದಿಂದ ಮತ್ತೊಂದು ಓಗೊಡುತ್ತದೆ. ಚಿಕ್ಕ ಹುಡುಗ ಹೆದರಿ ನನ್ನ ಹತ್ತಿರ ಸರಿದನು. ನಾನೂ ಎಚ್ಚರವಾಗಿಯೇ ಇದ್ದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದ ಅಕ್ಕಮಹಾದೇವಿಯ ಕಥೆಯನ್ನು ಅವನಿಗೆ ಹೇಳಿದೆ. ಅಕ್ಕನಿಗೆ ಟೆಂಟ್ ಇತ್ತೇ ಎಂದು ಕೇಳಿದನು. ಇರಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಿದ್ದೆ ಹೋದನು.

ಇನ್ನು ಹಿರಿಯರ ಭಯದ ವಿಷಯ. ಕರಡಿ ಇದೆ, ಹೌದು, ಕಪ್ಪು ಕರಡಿ. ಅದಕ್ಕೆ ಬೇಕಾದದ್ದು ಮನುಷ್ಯನಲ್ಲ, ಅವನ ಬುತ್ತಿ. ಆಹಾರವನ್ನು ಕರಡಿಗೆ ಎಟುಕದಷ್ಟು ಎತ್ತರದಲ್ಲಿ ಮರಕ್ಕೆ ತೂಗುಹಾಕಬೇಕು, ಅಥವಾ ಅದು ತೆರೆಯಲಾರದ ಪೆಟ್ಟಿಗೆಯಲ್ಲಿಡಬೇಕು. ಇದು ಸಲಹೆಯಲ್ಲ, ನಿಯಮ. ಗುಡಾರದೊಳಗೆ ಒಂದು ಬಿಸ್ಕತ್ತನ್ನೂ ಇಡಬಾರದು. ಇಷ್ಟಾದರೆ ಕರಡಿಯ ಚಿಂತೆ ಬಹುಪಾಲು ಮುಗಿಯಿತು.

ನಿಜವಾಗಿ ಹೆದರಬೇಕಾದದ್ದು ನೀರಿಗೆ. ನಮ್ಮ ಬಯಲುಸೀಮೆಯ ಕುಟುಂಬಗಳಲ್ಲಿ ಈಜು ಬಲ್ಲವರು ಕಡಿಮೆ, ಹೆಣ್ಣುಮಕ್ಕಳಲ್ಲಂತೂ ಇನ್ನೂ ಕಡಿಮೆ. ಆ ಸರೋವರಗಳ ಹಿಮ ಒಡೆಯುವುದೇ ಏಪ್ರಿಲ್ ಕೊನೆಗೋ ಮೇ ತಿಂಗಳಿನಲ್ಲೋ. ಮೇ ತಿಂಗಳ ಬಿಸಿಲನ್ನು ನಂಬಿ ದೋಣಿ ಇಳಿಸಿದವರು ಮಗುಚಿ ಬಿದ್ದರೆ, ತಣ್ಣೀರಿನ ಆಘಾತಕ್ಕೆ ಉಸಿರು ತಾನಾಗಿ ಒಳಕ್ಕೆಳೆದುಕೊಳ್ಳುತ್ತದೆ, ಬಾಯಿಗೆ ನೀರು ನುಗ್ಗುತ್ತದೆ. ಕೆಲವು ನಿಮಿಷಗಳಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಈಜು ಬಂದವರಿಗೂ ಅಷ್ಟೆ. 2024ರ ಮೇ 18ರಂದು ಗಡಿಯ ಕರ್ಟನ್ ಜಲಪಾತದ ಮೇಲುಭಾಗದಲ್ಲಿ ಎರಡು ದೋಣಿಗಳು ಪ್ರವಾಹದ ಸೆಳೆತಕ್ಕೆ ಸಿಕ್ಕಿ, ಇಬ್ಬರು ತೀರಿಕೊಂಡರು. ಅವರ ದೇಹಗಳು ದೊರೆಯಲು ಎರಡು ವಾರದಷ್ಟು ಕಾಲ ಹಿಡಿಯಿತು. ಅನನುಭವಿಗಳು ಮಾತ್ರ ಸಾಯುತ್ತಾರೆಂದು ತಿಳಿಯಬಾರದು. ತೇಲುಕವಚ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದನ್ನು ಮಿನ್ನೆಸೋಟ ರಾಜ್ಯದ ಕಾನೂನೇ ಕಡ್ಡಾಯ ಮಾಡಿದೆ. ದೊಡ್ಡವರಿಗೆ ವಿವೇಕ ಕಡ್ಡಾಯ ಮಾಡಬೇಕು. ಗಾಳಿ ಎದ್ದು ನೀರಿನ ಮೇಲೆ ಬಿಳಿನೊರೆ ಕಂಡರೆ ದಂಡೆಯಲ್ಲೇ ಕುಳಿತುಕೊಳ್ಳಬೇಕು, ಒಂದು ದಿನ ಹೋದರೂ ಚಿಂತೆಯಿಲ್ಲ. ಹೊರೆದಾರಿ ನಕಾಶೆಯಲ್ಲಿ ಇದ್ದೆಡೆ, ಎಷ್ಟೇ ಬೇಸರವಾದರೂ, ಇಳಿದು ಹೊರಬೇಕು. ಹೊರುವ ಶ್ರಮವನ್ನು ತಪ್ಪಿಸಲು ಪ್ರವಾಹದಲ್ಲೇ ದೋಣಿ ಬಿಡುವುದು ಸಾಹಸವಲ್ಲ. ಯಾವ ಮಾರ್ಗ, ಯಾವ ದಿನ ಮರಳುವುದು ಎಂಬುದನ್ನು ಬರೆದು ಒಂದು ಮನೆಯಲ್ಲಿ ಕೊಟ್ಟು ಹೋಗಬೇಕು. ಊರಿನ ತಾಯಿತಂದೆಗಳಿಗೂ ಆ ದಿನ ತಿಳಿಸಿದರೆ ಅವರ ನಾಲ್ಕು ರಾತ್ರಿಗಳು ಸುಖವಾಗಿ ಕಳೆಯುತ್ತವೆ.

ಈ ನಾಡಿನ ಮುಂದಿನ ದಿನಗಳೂ ನಿಶ್ಚಿಂತವಾಗಿಲ್ಲ. ಅದರ ಹೊರ ಅಂಚಿನಲ್ಲಿ, ಒಳಕ್ಕೆ ಹರಿಯುವ ನೀರಿನ ಮೇಲುಭಾಗದಲ್ಲೇ, ತಾಮ್ರ ಮತ್ತು ನಿಕ್ಕಲ್ ಅದಿರು ಇದೆ. ಅದು ಗಂಧಕ ಬೆರೆತ ಅದಿರು. ಅಗೆದು ರಾಶಿ ಹಾಕಿದ ಕಲ್ಲು ಗಾಳಿ ನೀರುಗಳ ಸಂಪರ್ಕಕ್ಕೆ ಬಂದರೆ ಗಂಧಕಾಮ್ಲ ಹುಟ್ಟುತ್ತದೆ. 2023ರ ಜನವರಿಯಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ಸುಮಾರು 2 ಲಕ್ಷ 25 ಸಾವಿರ ಎಕರೆಯಲ್ಲಿ ಹೊಸ ಗಣಿ ಗುತ್ತಿಗೆಗಳನ್ನು 20 ವರ್ಷ ತಡೆಹಿಡಿದು ಆಜ್ಞೆ ಮಾಡಿತು. ಆ ಆಜ್ಞೆಯನ್ನು ತೆಗೆದುಹಾಕುವ ಯತ್ನಗಳು ಬಳಿಕ ಸಂಸತ್ತಿನವರೆಗೂ ಹೋದವು. ಗಣಿ ಬೇಕೆನ್ನುವವರು ಕೆಲಸವಿಲ್ಲದ ತಮ್ಮ ಮಕ್ಕಳನ್ನು ತೋರಿಸುತ್ತಾರೆ, ಬೇಡವೆನ್ನುವವರು ನೀರನ್ನು ತೋರಿಸುತ್ತಾರೆ. ನಮ್ಮ ಕುಟುಂಬಗಳಲ್ಲಿ ಅಲ್ಲಿಯ ಪೌರತ್ವ ಪಡೆದವರು ಬಹಳವಿದ್ದಾರೆ. ರಜೆ ಕಳೆಯಲು ಆ ನೀರು ಬೇಕಾದರೆ, ಮತ ಹಾಕುವಾಗ ಅದರ ವಿಚಾರವನ್ನು ಓದಿ ತಿಳಿದಿರುವುದೂ ಅವರ ಕರ್ತವ್ಯವೆಂದು ನನ್ನ ಅಭಿಪ್ರಾಯ.

ಹೋಗಲಿಚ್ಛಿಸುವವರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ಕಾಲ ಉತ್ತಮ. ಜೂನ್ ಜುಲೈಗಳ ಸೊಳ್ಳೆ ಮತ್ತು ಕರಿನೊಣಗಳ ಕಾಟ ಆಗ ತಗ್ಗಿರುತ್ತದೆ, ನೀರು ಬೇಸಿಗೆಯ ಬಿಸಿಯನ್ನು ಸ್ವಲ್ಪ ಉಳಿಸಿಕೊಂಡಿರುತ್ತದೆ. ಪ್ರವೇಶದ ರಹದಾರಿಯನ್ನು ಕಾದಿರಿಸುವುದು ಜನವರಿ ಕೊನೆಯಲ್ಲೇ ಆರಂಭವಾಗುತ್ತದೆ. ಜನಪ್ರಿಯ ದ್ವಾರಗಳ ದಿನಗಳು ಬೇಗ ಮುಗಿದುಹೋಗುತ್ತವೆ. ಅದೇ ಕಾಲಕ್ಕೆ ಆ ಸೀಮೆಯ ಆಳವಿಲ್ಲದ ಸರೋವರಗಳಲ್ಲಿ ಒಜಿಬ್ವೆ ಜನರು 'ಮನೂಮಿನ್' ಎಂದು ಕರೆಯುವ ಕಾಡುಭತ್ತದ ಕೊಯ್ಲು ನಡೆಯುತ್ತದೆ. ನೀರಿನ ಮೇಲೆ ಆಹಾರ ಬೆಳೆಯುವ ನಾಡಿಗೆ ಹೋಗಿರೆಂಬ ಆದೇಶವನ್ನು ಅನುಸರಿಸಿ ತಮ್ಮ ಪೂರ್ವಜರು ಪೂರ್ವದಿಂದ ಇಲ್ಲಿಗೆ ಬಂದರೆಂದು ಅವರ ಪರಂಪರೆ ಹೇಳುತ್ತದೆ. ಒಬ್ಬರು ಕೋಲಿನಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರು ಎರಡು ಹಗುರ ಕೋಲುಗಳಿಂದ ತೆನೆಯನ್ನು ದೋಣಿಯೊಳಕ್ಕೆ ಬಾಗಿಸಿ ಮೆಲ್ಲಗೆ ಬಡಿಯುತ್ತಾರೆ. ಮಾಗಿದ ಕಾಳು ಮಾತ್ರ ಉದುರುತ್ತದೆ, ನೀರಿಗೆ ಬಿದ್ದದ್ದು ಮುಂದಿನ ವರ್ಷದ ಬೀಜ. ಈಲಿಯ ಅಂಗಡಿಗಳಲ್ಲಿ ಈ ಅಕ್ಕಿ ಸಿಗುತ್ತದೆ. ಕಪ್ಪಗೆ, ಉದ್ದಕ್ಕೆ ಇರುತ್ತದೆ. ಬೇಯಲು ಮುಕ್ಕಾಲು ಗಂಟೆ ಬೇಕು. ಹೆಸರುಬೇಳೆಯೊಡನೆ ಕೂಡಿಸಿದರೆ ಒಳ್ಳೆಯ ಹುಗ್ಗಿಯಾಗುತ್ತದೆ.

ಉಳಿದಂತೆ ಬುತ್ತಿಯ ವಿಷಯದಲ್ಲಿ ನಮ್ಮವರು ಯಾರನ್ನೂ ಕೇಳಬೇಕಾಗಿಲ್ಲ. ಡಬ್ಬಿ ಶೀಶೆಗಳಿಲ್ಲದೆ, ಶೈತ್ಯಪೆಟ್ಟಿಗೆಯಿಲ್ಲದೆ, ಹೆಗಲಿಗೆ ಭಾರವಾಗದೆ ಹತ್ತು ದಿನ ಕೆಡದಿರುವ ಆಹಾರ ಯಾವುದೆಂದು ಅಲ್ಲಿಯ ಅಂಗಡಿಗಳು ದುಬಾರಿ ಪೊಟ್ಟಣಗಳನ್ನು ಮಾರುತ್ತವೆ. ನಾವು ಒಯ್ದದ್ದು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಬೆಲ್ಲ. ಎರಡನೆಯ ಹೊರೆದಾರಿಯಲ್ಲಿ ಎದುರಾದ ಬೇರೊಂದು ತಂಡದವರು ರೊಟ್ಟಿಯನ್ನು ಮುರಿದು ತಿಂದು, ಇದೆಲ್ಲಿ ಸಿಗುತ್ತದೆಂದು ಕೇಳಿದರು. ರೊಟ್ಟಿಯನ್ನು ಧೋತರದ ಬಟ್ಟೆಯಲ್ಲಿ ಸುತ್ತಿ, ಎಲ್ಲ ಹೊರೆಗಳ ಮೇಲುಗಡೆ ಇಡತಕ್ಕದ್ದು. ತಳದಲ್ಲಿಟ್ಟರೆ ಮೂರನೆಯ ದಿನಕ್ಕೆ ಅದೂ ಚಟ್ನಿಪುಡಿಯಾಗಿರುತ್ತದೆ.